ಕಾವಡಿಯ ಭಾರ ಎಲ್ಲಿ ಕೂರುತ್ತದೆ

ತಮಿಳರು ಮುರುಗನಿಗೆ, ಅಂದರೆ ಸುಬ್ರಹ್ಮಣ್ಯನಿಗೆ, ಹರಕೆಯ ಕಾವಡಿ ಹೊರುವ ಹಬ್ಬ ತೈಪೂಸ. ಅದರ ಫೋಟೊಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ನಾಲಗೆಯಲ್ಲಿ ಬೆಳ್ಳಿಯ ವೇಲು (ಮುರುಗನ ಈಟಿ), ಬೆನ್ನ ತುಂಬ ಕೊಕ್ಕೆ, ತಲೆಯ ಮೇಲೆ ನವಿಲುಗರಿಯ ಕಮಾನು, ಹಿಂದೆ ಸಿಂಗಪುರದ ಗಾಜಿನ ಕಟ್ಟಡವೋ ಮಲೇಷ್ಯಾದ ಗುಹೆಗುಡಿ ಬಾಟು ಕೇವ್ಸ್‌ನ ಬಣ್ಣದ ಮೆಟ್ಟಿಲೋ. ನೋಡಿದವರು ಕೇಳುವುದೂ ಒಂದೇ: ನೋಯುವುದಿಲ್ಲವೇ? ಕಾವಡಿ ಹೊರಿಸುವ ಮನೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಕೇಳುವುದು ಸೊಂಟದ ಪಟ್ಟಿ ಸರಿಯಾಗಿ ಕೂತಿತೇ, ಹಾಲು ಒಡೆಯದೆ ಉಳಿಯುತ್ತದೆಯೇ, ಸ್ಟೂಲು ಹಿಡಿದವನು ಎಲ್ಲಿ ಹೋದ ಎಂಬುದನ್ನು.

ಚುಚ್ಚಿಕೊಳ್ಳುವುದೊಂದೇ ವಿಚಿತ್ರವೆನಿಸಲು ಕನ್ನಡಿಗರಿಗಂತೂ ಕಾರಣವಿಲ್ಲ. ಹಳೇ ಮೈಸೂರು ಸೀಮೆಯ ಮಾರಿಹಬ್ಬಗಳಲ್ಲಿ ಬಾಯಿಬೀಗ ಹಾಕಿಸಿಕೊಳ್ಳುವ ಹರಕೆ ಇಂದಿಗೂ ಇದೆ. ಉತ್ತರ ಕರ್ನಾಟಕದಲ್ಲಿ ವೀರಭದ್ರನ ಗುಗ್ಗಳ ನಡೆದರೆ ಪುರವಂತರು ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುತ್ತಾರೆ. ತಮಿಳರು ಚುಚ್ಚುವ ಸಲಾಕೆಗೆ ಇಟ್ಟ ಹೆಸರು ಕೂಡ ನಮ್ಮದೇ ಮಾತು: ಅಲಗು. ಕಾವಡಿಯಂತೂ ನೀರು ಹೊತ್ತು ಬದುಕಿದವರಿಗೆಲ್ಲ ಗೊತ್ತಿರುವ ಪದ. ಬೇರೆಯಾಗುವುದು ದೇವರ ಕಲ್ಪನೆ. ಕುಕ್ಕೆಯಲ್ಲಿ, ಘಾಟಿಯಲ್ಲಿ ಸುಬ್ರಹ್ಮಣ್ಯ ಎಂದರೆ ನಾಗ, ಹುತ್ತ, ಸರ್ಪದೋಷ. ತಮಿಳರ ಮುರುಗ ವೇಲು ಹಿಡಿದ ಹುಡುಗ. ಶೂರಪದ್ಮನ ಸಂಹಾರಕ್ಕೆಂದು ತಾಯಿ ಪಾರ್ವತಿ ಅವನ ಕೈಗೆ ಆ ವೇಲನ್ನು ಕೊಟ್ಟ ದಿನವೇ ತೈಪೂಸ ಎಂಬುದು ನಂಬಿಕೆ.

ದಿನದ ಲೆಕ್ಕ ಸ್ವಲ್ಪ ತೊಡಕಿನದು. ತೈ ಎಂದರೆ ಸೂರ್ಯ ಮಕರ ರಾಶಿಯಲ್ಲಿರುವ ತಿಂಗಳು, ಪೂಸಂ ಎಂದರೆ ಪುಷ್ಯ ನಕ್ಷತ್ರ. ಆ ಸೌರಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಪುಷ್ಯ ಬಂದೇ ಬರುತ್ತದೆ. ನಮ್ಮದು ಚಾಂದ್ರಮಾನ. ಆದ್ದರಿಂದ ಕೆಲವು ವರ್ಷ ತೈಪೂಸ ನಮ್ಮ ಬನದ ಹುಣ್ಣಿಮೆಗೆ ಬೀಳುತ್ತದೆ, ಕೆಲವು ವರ್ಷ ಒಂದು ತಿಂಗಳು ಮುಂದಕ್ಕೆ ಭಾರತ ಹುಣ್ಣಿಮೆಗೆ ಹೋಗುತ್ತದೆ. 2024ರಲ್ಲಿ ಜನವರಿ 25ರಂದು ಬಾದಾಮಿಯ ಬನಶಂಕರಿ ತೇರಿನ ಹುಣ್ಣಿಮೆಯೂ ತೈಪೂಸವೂ ಕೂಡಿ ಬಂದವು. 2026ರಲ್ಲಿ ಬನದ ಹುಣ್ಣಿಮೆ ಸಂಕ್ರಾಂತಿಗೆ ಮೊದಲೇ, ಜನವರಿ 3ಕ್ಕೇ ಮುಗಿದುಹೋಗಿತ್ತು. ತೈ ತಿಂಗಳು ಇನ್ನೂ ಹುಟ್ಟಿರಲೇ ಇಲ್ಲ. ಹೀಗಾಗಿ ತೈಪೂಸ ಫೆಬ್ರುವರಿ 1ಕ್ಕೆ ಬಂತು. ವ್ರತ ಹಿಡಿಯುವವರು ಲೆಕ್ಕವನ್ನು ಹಿಂದಿನಿಂದ ಹಾಕಬೇಕಾದ್ದರಿಂದ ಇದು ಬರೀ ಪಂಚಾಂಗದ ಚರ್ಚೆಯಾಗಿ ಉಳಿಯುವುದಿಲ್ಲ.

ಮಲಯಾ ನಾಡಿಗೆ, ಅಂದರೆ ಇಂದಿನ ಮಲೇಷ್ಯಾ ಸಿಂಗಪುರಗಳಿಗೆ, ಈ ಹಬ್ಬ ಎರಡು ದಾರಿಯಲ್ಲಿ ಬಂತು. ಒಂದು ಲೇವಾದೇವಿ ಮಾಡುತ್ತಿದ್ದ ನಾಟ್ಟುಕೋಟ್ಟೈ ಚೆಟ್ಟಿಯಾರರದು, ಇನ್ನೊಂದು ತೋಟಗಳಿಗೆ, ರಸ್ತೆ ರೈಲು ಕೆಲಸಕ್ಕೆ ಬಂದ ಕೂಲಿಗಳದು. ತಮಿಳುನಾಡಿನ ಕಾರೈಕುಡಿ ಸೀಮೆಯಿಂದ ಮುರುಗನ ಬೆಟ್ಟದ ಕ್ಷೇತ್ರ ಪಳನಿಗೆ ಕಾವಡಿ ಹೊತ್ತು ನಡೆದುಹೋಗುವ ಚೆಟ್ಟಿಯಾರರು ಹೋದಲ್ಲೆಲ್ಲ ದಂಡಾಯುಧಪಾಣಿಯ, ಅಂದರೆ ಕೋಲು ಹಿಡಿದ ಮುರುಗನ, ಗುಡಿ ಕಟ್ಟಿದರು. ಸಿಂಗಪುರದ ಟ್ಯಾಂಕ್ ರಸ್ತೆಯ ಗುಡಿ 1859ರದು. ಪೆನಾಂಗಿನ ಬೆಳ್ಳಿ ತೇರು 1894ರಿಂದ ಓಡಾಡುತ್ತಿದೆ. ಕೌಲಾಲಂಪುರದ ಹೊರಗೆ ಬಾಟು ಕೇವ್ಸ್ ಎಂಬ ಸುಣ್ಣಕಲ್ಲಿನ ಗುಹೆಯಲ್ಲಿ ಮುರುಗನನ್ನು ಕೂರಿಸಿದ್ದು ತಂಬುಸಾಮಿ ಪಿಳ್ಳೈ. ಅಲ್ಲಿ 1892ರಿಂದ ತೈಪೂಸ ನಡೆಯುತ್ತಿದೆ. 1920ರಲ್ಲಿ ಮರದ ಮೆಟ್ಟಿಲು ಬಂತು, ಆಮೇಲೆ ಕಾಂಕ್ರೀಟಿನ 272 ಮೆಟ್ಟಿಲು, 2006ರಲ್ಲಿ 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಮೂರ್ತಿ.

ಈ ಎರಡು ಕವಲು ಇವತ್ತಿಗೂ ಪೂರಾ ಬೆರೆತಿಲ್ಲ. ಸಿಂಗಪುರದಲ್ಲಿ ತೈಪೂಸದ ಹಿಂದಿನ ದಿನವನ್ನು ಚೆಟ್ಟಿ ಪೂಸಂ ಎನ್ನುತ್ತಾರೆ. ಅಂದು ಮುರುಗ ಬೆಳ್ಳಿ ತೇರಿನಲ್ಲಿ ಕಿಯೊಂಗ್ ಸಾಯಿಕ್ ರಸ್ತೆಯ ವಿನಾಯಕನ ಗುಡಿಗೆ, ಅಂದರೆ ಅಣ್ಣನ ಮನೆಗೆ ಹೋಗಿ ಸಂಜೆ ಮರಳುತ್ತಾನೆ. ಜೊತೆಗೆ ಚೆಟ್ಟಿಯಾರರು ನವಿಲುಗರಿ ಸಿಕ್ಕಿಸಿದ ಮರದ ಕಾವಡಿಗಳನ್ನು ಹೆಗಲ ಮೇಲೆ ತಿರುಗಿಸುತ್ತ ನಡೆಯುತ್ತಾರೆ. ಒಂದು ಸೂಜಿಯೂ ಇಲ್ಲ. ಮೈಯೆಲ್ಲ ಅಲಗು ಹಾಕಿಸಿಕೊಂಡ ಕಾವಡಿಗಳು ಬೀದಿಗೆ ಇಳಿಯುವುದು ಮಾರನೆಯ ದಿನ. ಪರದೇಶದ ತೈಪೂಸವನ್ನು ಪಳನಿಯ ನಕಲು ಎಂದುಕೊಳ್ಳುವವರು ಈ ಎರಡು ದಿನ ನಿಂತು ನೋಡಬೇಕು. ಪಳನಿಯಲ್ಲಿ ಹಬ್ಬದ ಬಹುಪಾಲು ನಡಿಗೆ, ವಾರಗಟ್ಟಲೆ ಪಾದಯಾತ್ರೆ. ಸಿಂಗಪುರದಲ್ಲಿ ಆ ದೂರವೆಲ್ಲ ಮೂರು ನಾಲ್ಕು ಕಿಲೋಮೀಟರಿಗೆ ಕುಗ್ಗಿದೆ. ದೂರದಲ್ಲಿ ಕಡಿಮೆಯಾದದ್ದನ್ನು ಭಾರದಲ್ಲಿ ತುಂಬಿಕೊಂಡಂತೆ ತೋರುತ್ತದೆ.

ಕಾವಡಿಯ ಮೂಲಕಥೆಯೇ ಹೊರೆಯದು. ಅಗಸ್ತ್ಯರ ಶಿಷ್ಯ ಇಡುಂಬ ಶಿವಗಿರಿ, ಶಕ್ತಿಗಿರಿ ಎಂಬ ಎರಡು ಬೆಟ್ಟಗಳನ್ನು ದೊಣ್ಣೆಯ ಎರಡು ತುದಿಗೆ ಕಟ್ಟಿ ದಕ್ಷಿಣಕ್ಕೆ ಹೊತ್ತು ತರುತ್ತಿದ್ದ. ಪಳನಿಯ ಹತ್ತಿರ ದಣಿದು ಇಳಿಸಿದ. ಮತ್ತೆ ಎತ್ತಲು ಹೋದರೆ ಬೆಟ್ಟ ಅಲ್ಲಾಡಲಿಲ್ಲ. ಮೇಲೆ ಲಂಗೋಟಿ ಕಟ್ಟಿದ ಹುಡುಗನೊಬ್ಬ ನಿಂತಿದ್ದ, ಅವನೇ ಮುರುಗ. ಜಗಳವಾಯಿತು, ಇಡುಂಬ ಸತ್ತ, ಮತ್ತೆ ಬದುಕಿದ. ತನ್ನ ಹಾಗೆ ಹೊರೆ ಹೊತ್ತು ಬಂದವರನ್ನು ಕಾಯಬೇಕೆಂದು ವರ ಕೇಳಿದ. ಈ ಕಥೆಯಲ್ಲಿ ಚುಚ್ಚುವ ಮಾತು ಎಲ್ಲೂ ಬರುವುದಿಲ್ಲ. ಹೊತ್ತದ್ದು, ಇಳಿಸಿದ್ದು, ಮತ್ತೆ ಎತ್ತಲಾಗದ್ದು ಇಷ್ಟೇ.

ತಮಿಳರು ಹರಕೆಗೆ ‘ನೇರ್ತಿಕ್ಕಡನ್’ ಎನ್ನುತ್ತಾರೆ. ಕಡನ್ ಎಂದರೆ ಸಾಲ. ತೀರಿಸುವ ಮೊದಲ ಕಂತು ವ್ರತ. ಪೂರ್ತಿ ಮಂಡಲವಾದರೆ 48 ದಿನ. ಈಗ ಒಂದು ತಿಂಗಳಿಗೋ ಎರಡು ವಾರಕ್ಕೋ ಇಳಿಸಿಕೊಂಡವರೇ ಹೆಚ್ಚು. ಮಾಂಸ, ಮದ್ಯ, ಸಿಗರೇಟು ಬಿಡಬೇಕು. ಬ್ರಹ್ಮಚರ್ಯ, ಬೆಳಿಗ್ಗೆ ತಣ್ಣೀರ ಸ್ನಾನ, ನೆಲದ ಮೇಲೆ ನಿದ್ದೆ, ಒಪ್ಪೊತ್ತಿನ ಊಟ. ಮನೆಯಲ್ಲಿ ಸಾವಿನ ಸೂತಕ ಬಂದರೆ ಆ ವರ್ಷ ಕಾವಡಿ ಇಲ್ಲ. ಕೊನೆಯ ವಾರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡಲು ಹೊರಟವರು ಕೆಡುವುದು ಇಲ್ಲಿಯೇ. ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿದ್ದವರು ಮೂರು ದಿನ ಮುಂಚೆ ನಿಲ್ಲಿಸಿದರೆ ಕಾವಡಿಯ ದಿನ ತಲೆ ಸಿಡಿಯುತ್ತದೆ. ಒಪ್ಪೊತ್ತಿನ ಊಟ ಮೈಗೆ ಒಗ್ಗಲು ಎರಡು ವಾರವಾದರೂ ಬೇಕು. ಮೆರವಣಿಗೆಯ ನಡುವೆ ತಲೆತಿರುಗಿ ಬೀಳುವವರನ್ನು ಬೀಳಿಸುವುದು ಹೆಚ್ಚಾಗಿ ಅಲಗಲ್ಲ. ಬೇಳೆ ಕಾಳು ತಿನ್ನದೆ, ನೀರು ಕುಡಿಯದೆ, ಹಿಂದಿನ ರಾತ್ರಿ ನಿದ್ದೆಗೆಟ್ಟು ಸಾಲಿನಲ್ಲಿ ನಿಂತ ದೇಹ ತಾನಾಗಿ ಬೀಳುತ್ತದೆ. ಅನುಭವಸ್ಥರು ಹೊರಡುವ ಮೊದಲು ಬಾಳೆಹಣ್ಣು, ಹಾಲು ಕೊಡುತ್ತಾರೆ. ಖಾಲಿ ಹೊಟ್ಟೆಯೇ ಶ್ರೇಷ್ಠ ಎಂಬ ಹಟಕ್ಕೆ ಅವರಲ್ಲಿ ಬೆಲೆಯಿಲ್ಲ.

ಹಬ್ಬದಲ್ಲಿ ಅತಿ ಹೆಚ್ಚು ಜನ ಹೊರುವುದು ಪಾಲ್ ಕುಡಂ, ಅಂದರೆ ಹಾಲಿನ ಕೊಡ. ಹೆಂಗಸರು, ಮುದುಕರು, ಮಕ್ಕಳೂ ಇದನ್ನು ಹೊರುತ್ತಾರೆ. ಒಂದೆರಡು ಲೀಟರ್ ಹಿಡಿಯುವ ಪಾತ್ರೆ, ಬಾಯಿಗೆ ಹಳದಿ ಬಟ್ಟೆ, ಕುತ್ತಿಗೆಗೆ ಹಳದಿ ದಾರ, ತಲೆಯ ಮೇಲೆ ಬಟ್ಟೆಯ ಸಿಂಬಿ. ನೋಡಲು ಇದಕ್ಕಿಂತ ಸರಳವಾದದ್ದಿಲ್ಲ. ಆದರೆ ಕೆಡುವುದಕ್ಕೂ ಇದೇ ಮೊದಲು. ಮಧ್ಯರಾತ್ರಿ ಸಾಲಿಗೆ ನಿಂತು ನಾಲ್ಕೈದು ಗಂಟೆಯಾದ ಮೇಲೆ ಗರ್ಭಗುಡಿ ತಲುಪುವ ಹಾಲು, ಸಮಭಾಜಕ ವೃತ್ತದ ಪಕ್ಕದ ಸೆಕೆಯಲ್ಲಿ ಒಡೆಯದೆ ಉಳಿಯಬೇಕು. ಪಾತ್ರೆ ಚೆನ್ನಾಗಿ ಬೆಳಗಿ ಒಣಗಿರಬೇಕು. ಹಳೆಯ ಹುಳಿಯ ಒಂದು ಪದರ ಅಂಟಿದ್ದರೂ ಅದು ಹೆಪ್ಪಿನ ಕೆಲಸ ಮಾಡುತ್ತದೆ. ಕಲಾಯಿಯಿಲ್ಲದ ಹಿತ್ತಾಳೆ ಬೇಡ, ಸ್ಟೀಲು ಲೇಸು. ಹಾಲು ತಣ್ಣಗಿರಲಿ, ಹೊರಡುವ ಕ್ಷಣಕ್ಕೆ ಸುರಿಯಿರಿ. ಅಂಚಿನಿಂದ ಎರಡು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ತುಳುಕಿ ಬಟ್ಟೆ ನೆನೆದು ಅದೇ ಮೊದಲು ಹುಳಿಯಾಗುತ್ತದೆ. ಮಾರಿಷಸ್‌ನಲ್ಲಿ ಈ ಹಬ್ಬದ ಹೆಸರೇ ತೈಪೂಸಂ ಕಾವಡಿ, ಅಂದು ದೇಶಕ್ಕೇ ರಜೆ. ಹಾಲು ಒಡೆಯದೆ ಗುಡಿ ಸೇರಿದರೆ ವ್ರತ ಶುದ್ಧವಾಗಿತ್ತು ಎಂದು ಅಲ್ಲಿನವರು ತಿಳಿಯುತ್ತಾರೆ. ಚೆನ್ನಾಗಿ ಬೆಳಗಿದ ಕೊಡ ಆ ನಂಬಿಕೆಗೆ ಒಳ್ಳೆಯ ಆಸರೆ.

ಮಕ್ಕಳಾಗಲೆಂದು ಹರಸಿಕೊಂಡ ದಂಪತಿಗಳದು ಕಬ್ಬಿನ ಕಾವಡಿ. ಜಲ್ಲೆಗಳನ್ನು ಕಟ್ಟಿ, ನಡುವೆ ಹಳದಿ ಸೀರೆಯನ್ನು ತೊಟ್ಟಿಲಿನಂತೆ ಇಳಿಬಿಟ್ಟು, ಕೂಸನ್ನು ಮಲಗಿಸಿ, ಮುಂದೊಬ್ಬರು ಹಿಂದೊಬ್ಬರು ಹೆಗಲು ಕೊಟ್ಟು ಹೊರುತ್ತಾರೆ. ಕಬ್ಬು ಮುರಿಯುವುದು ಗಿಣ್ಣಿನಲ್ಲಿ. ಎರಡು ದಿನ ಮುಂಚೆ ತಂದಿಟ್ಟ ಒಣ ಜಲ್ಲೆ ನಂಬಿಕೆಗೆ ಅರ್ಹವಲ್ಲ. ಮೂರರಿಂದ ಐದು ಹಸಿ ಜಲ್ಲೆಗಳನ್ನು ಗಿಣ್ಣುಗಳು ಒಂದೇ ಕಡೆ ಬಾರದಂತೆ ಸೇರಿಸಿ ಬಿಗಿದು, ಮೊದಲು ಅಕ್ಕಿಯ ಚೀಲ ತೂಗಿ ನೋಡಿ ಆಮೇಲೆ ಮಗುವನ್ನು ಮಲಗಿಸಬೇಕು.

ಇನ್ನು ಅಲಗು ಕಾವಡಿ. ಇದರ ಅಸ್ಥಿಪಂಜರ ಹಿಂದೆ ಕಬ್ಬಿಣದ್ದು, ಈಗ ಹೆಚ್ಚಾಗಿ ಸ್ಟೀಲ್ ಅಥವಾ ಅಲ್ಯೂಮಿನಿಯಂ ಕೊಳವೆಯದು. ಸೊಂಟಕ್ಕೆ ಅಗಲವಾದ ಪಟ್ಟಿ, ಭುಜಕ್ಕೆ ಮೆತ್ತೆ ಹಾಕಿದ ಆಸರೆ, ಇವೆರಡನ್ನು ಕೂಡಿಸುವ ಕಂಬಿಗಳು, ಮೈಸುತ್ತ ಒಂದು ಬಳೆ, ಮೇಲೆ ಕಮಾನು, ಕಮಾನಿಗೆ ಮುರುಗನ ಚಿತ್ರ, ಗರಿ, ದೀಪ. ತೂಕ ಸಾಧಾರಣವಾಗಿ 20ರಿಂದ 40 ಕಿಲೋ. ಬಳೆಯ ತೂತುಗಳಿಂದ ಹಾಯ್ದು ಬರುವ ಸಲಾಕೆಗಳ ಮೊನೆ ಎದೆ ಬೆನ್ನಿನ ಚರ್ಮಕ್ಕೆ ತಾಗುತ್ತದೆ. ದೂರದಿಂದ ನೋಡಿದವರಿಗೆ ಇಡೀ ಕಾವಡಿ ಆ ಮೊನೆಗಳ ಮೇಲೆಯೇ ನಿಂತಂತೆ ಕಾಣುತ್ತದೆ. ಹಾಗೇನಾದರೂ ನಿಂತರೆ ಅದು ಕಟ್ಟಿದವನ ತಪ್ಪು. ಮುಕ್ಕಾಲು ಪಾಲು ಭಾರ ಸೊಂಟದ ಮೂಳೆಗೆ ಇಳಿಯಬೇಕು, ಉಳಿದದ್ದು ಭುಜಕ್ಕೆ. ಚರ್ಮ ಹೊರುವುದು ಸಲಾಕೆಯ ಮೊನೆಯನ್ನು ಮಾತ್ರ, ಅದರ ಹೊರತುದಿಯನ್ನು ಬಳೆ ಹೊರುತ್ತದೆ.

ಸೊಂಟದ ಪಟ್ಟಿ ಬೆವರಿಗೆ ಒಂದು ಅಂಗುಲ ಜಾರಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಚೌಕಟ್ಟು ಕೆಳಗಿಳಿಯುತ್ತದೆ, ಎಲ್ಲ ಮೊನೆಗಳೂ ಒಟ್ಟಿಗೆ ಚರ್ಮವನ್ನು ಕೆಳಗೆಳೆಯುತ್ತವೆ, ಹೊತ್ತವನು ನೋವಿಗೆ ಹಿಂದಕ್ಕೆ ಬಾಗುತ್ತಾನೆ. ಬಾಗಿದಾಗ ಎತ್ತರದಲ್ಲಿರುವ ಕಮಾನಿನ ಭಾರ ಅವನನ್ನು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ. ಇದನ್ನು ತಡೆಯಲು ಹಬ್ಬಕ್ಕೆ ಎರಡು ವಾರ ಮುಂಚೆ ಅಲಗಿಲ್ಲದೆ ಬರೀ ಚೌಕಟ್ಟು ಹೊತ್ತು ಅರ್ಧ ಗಂಟೆ ನಡೆದು ನೋಡುತ್ತಾರೆ. ವ್ರತದಲ್ಲಿ ಸೊಂಟ ಸಣ್ಣಗಾಗುತ್ತದೆ ಎಂಬುದನ್ನು ಮರೆತು ಮೊದಲ ದಿನದ ಅಳತೆಗೇ ಪಟ್ಟಿ ಹೊಲಿಸಿದವರು ಪಶ್ಚಾತ್ತಾಪ ಪಡುತ್ತಾರೆ. ಕುಣಿತದ ಅದುರಿಗೆ ನಟ್ಟು ಸಡಿಲವಾಗುವುದರಿಂದ ಒಳಗೆ ನೈಲಾನ್ ಉಂಗುರವಿರುವ ನಟ್ಟು ಬಳಸಬೇಕು, ಜೊತೆಗಾರನ ಜೇಬಿನಲ್ಲಿ ಒಂದು ಸ್ಪ್ಯಾನರ್ ಇರಬೇಕು. ಮತ್ತೊಬ್ಬನ ಕೈಯಲ್ಲಿ ಸ್ಟೂಲು. ಕಾವಡಿ ಹೊತ್ತವನು ನೆಲಕ್ಕೆ ಕೂರಲಾರ, ಸ್ಟೂಲಿಗೆ ಮಾತ್ರ ಕೂರಬಲ್ಲ. ಬಾಗಿಲು, ಕಮಾನು, ಇಳಿಬಿದ್ದ ತೋರಣ ಇವುಗಳ ಎತ್ತರ ಮೊದಲೇ ನೋಡಿಟ್ಟುಕೊಂಡವರು ನವಿಲುಗರಿಯನ್ನು ಉಳಿಸಿಕೊಳ್ಳುತ್ತಾರೆ. ಅಗಲವಾದ ಗರಿಬೀಸಣಿಗೆಗೆ ಅಡ್ಡಗಾಳಿ ಬಡಿದರೆ ಅದು ಹಾಯಿಯಂತೆ ಕೆಲಸ ಮಾಡುತ್ತದೆ. ಕಟ್ಟಡಗಳ ಸಂದು ದಾಟುವಾಗ ಜೊತೆಗಾರರು ಎರಡು ಪಕ್ಕ ಹಿಡಿಯುವುದು ಅದಕ್ಕೇ.

ಚುಚ್ಚುವ ಕೈ ಹೆಚ್ಚಾಗಿ ಹಿರಿಯರದು. ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ವಿಭೂತಿ ಒತ್ತಿ, ಸ್ನಾಯುವಿಗೆ ತಾಗದಂತೆ ಮೇಲುಪದರದಲ್ಲೇ ಅಡ್ಡ ಹಾಯಿಸುತ್ತಾರೆ. ಆ ಪದರದಲ್ಲಿ ದೊಡ್ಡ ರಕ್ತನಾಳಗಳಿಲ್ಲ, ಆದ್ದರಿಂದ ರಕ್ತ ಕಡಿಮೆ. ಕೈ ತಡವರಿಸಿದರೆ, ಮೊನೆ ಮೊಂಡಾಗಿದ್ದರೆ ಕೂಡಲೇ ಗೊತ್ತಾಗುತ್ತದೆ. ನಾಲಗೆಗೆ ನಟ್ಟನಡುವೆಯೇ ಹಾಕುವುದರಲ್ಲಿ ಅರ್ಥವಿದೆ: ನಡುಗೆರೆಯಲ್ಲಿ ನಾಳಗಳು ಕಡಿಮೆ, ಎರಡು ಬದಿಗೆ ಜಾಸ್ತಿ. ಕೆನ್ನೆಯ ಅಲಗು ಬಾಯಿಯ ಮೂಲೆಗೆ ಹತ್ತಿರವಿರಬೇಕು. ಇನ್ನೂ ಹಿಂದಕ್ಕೆ, ಅಗಿಯುವ ದಪ್ಪ ಸ್ನಾಯುವಿನ ಮುಂದಂಚಿಗೆ ಹೋದರೆ ಮುಖದ ಧಮನಿ ಅಲ್ಲೇ ಹತ್ತಿರ ಹಾಯುತ್ತದೆ, ಜೊಲ್ಲಿನ ನಾಳವೂ ಮೇಲಿನ ದವಡೆಹಲ್ಲಿನ ಎದುರಿಗೇ ತೆರೆದುಕೊಳ್ಳುತ್ತದೆ. ನಾಲಗೆಗೆ ವೇಲು ಬಿದ್ದಮೇಲೆ ಮಾತಿಲ್ಲ. ಅದು ಮೌನವ್ರತ ಎನ್ನುತ್ತಾರೆ, ಸರಿಯೇ. ಆದರೆ ನೀರು ನುಂಗುವುದೂ ಕಷ್ಟ. ಅದಕ್ಕಾಗಿ ಮೊದಲೇ ಕುಡಿದಿರಬೇಕು, ಆಮೇಲೆ ಒದ್ದೆ ಬಟ್ಟೆಯಿಂದ ತುಟಿ ನೆನೆಸುವುದಷ್ಟೇ. ಒಬ್ಬರ ಅಲಗು ಇನ್ನೊಬ್ಬರಿಗೆ ಕೂಡದು. ಕಾಯಿಸಿ ಶುದ್ಧ ಮಾಡಿದ ಹೊಸ ಸಲಾಕೆ, ಧನುರ್ವಾಯುವಿನ ಚುಚ್ಚುಮದ್ದು, ಇವುಗಳ ಬದಲಿಗೆ ವಿಭೂತಿ ಸಾಕು ಎನ್ನುವವರ ಮಾತು ಕೇಳಬೇಡಿ. ರಕ್ತ ತೆಳುವಾಗಲು ಮಾತ್ರೆ ತಿನ್ನುವವರು, ಪಾದದ ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯವರು ಹಾಲಿನ ಕೊಡಕ್ಕೆ ತೃಪ್ತಿಪಡುವುದು ಜಾಣತನ. ದೇವರ ಲೆಕ್ಕದಲ್ಲಿ ಕೊಡಕ್ಕೂ ಕಾವಡಿಗೂ ದರ್ಜೆ ಇದೆ ಎಂದು ಯಾರೂ ಹೇಳಿಲ್ಲ.

ಬೆನ್ನಿನ ಕೊಕ್ಕೆಗಳಿಗೆ ನಿಂಬೆಹಣ್ಣು ತೂಗುಬಿಡುವುದುಂಟು, ಪುಟ್ಟ ಹಾಲಿನ ತಂಬಿಗೆಗಳನ್ನು ತೂಗುಬಿಡುವುದುಂಟು. ಕೆಲವರು ಕೊಕ್ಕೆಗೆ ಹಗ್ಗ ಕಟ್ಟಿ ಗಾಲಿಯ ತೇರು ಎಳೆಯುತ್ತಾರೆ. ಇಲ್ಲಿ ಗಮನ ಎಳೆತದ ಸಮಪಾಲಿನ ಮೇಲಿರಬೇಕು. ಎಂಟು ಹಗ್ಗದಲ್ಲಿ ಒಂದು ಗಿಡ್ಡವಾದರೆ ಇಡೀ ತೇರು ಆ ಒಂದೇ ಕೊಕ್ಕೆಗೆ ಜೋತುಬೀಳುತ್ತದೆ, ಚರ್ಮ ಹರಿಯುವುದು ಹಾಗೆ. ಇಳಿಜಾರಿನಲ್ಲಿ ತೇರು ತಾನೇ ಮುಂದೆ ಉರುಳಿ ಹಗ್ಗ ಸಡಿಲವಾಗಿ, ಮತ್ತೆ ಜಗ್ಗಿದಾಗ ಪೆಟ್ಟು ಬೀಳುತ್ತದೆ. ಆದ್ದರಿಂದ ಹಿಂದಿನಿಂದ ತೇರನ್ನು ಹಿಡಿದು ತಡೆಯುವವನು ಮುಂದೆ ಹಗ್ಗ ಹಿಡಿದು ಸಮ ಮಾಡುವವನಷ್ಟೇ ಮುಖ್ಯ.

ಸಿಂಗಪುರದ ದಾರಿ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ ಟ್ಯಾಂಕ್ ರಸ್ತೆಗೆ, ಸುಮಾರು 3.2 ಕಿಲೋಮೀಟರ್. ಸಾಲು ಸೇರಿದರೆ ಅದಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು, ಕಾವಡಿ ಹೊತ್ತವನನ್ನು ಸುಸ್ತು ಮಾಡುವುದೂ ನಿಲ್ಲುವುದೇ. ಕುಣಿಯುವವರು ಬರೀ ಭಕ್ತಿಗೆ ಕುಣಿಯುವುದಿಲ್ಲ. ಹೆಜ್ಜೆ ಹಾಕುತ್ತಿದ್ದರೆ ಕಾಲಿನ ರಕ್ತ ಮೇಲಕ್ಕೇರುತ್ತದೆ, ಸುಮ್ಮನೆ ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಇದು ಉರುಮಿ ಮೇಳದವರಿಗೆ ಯಾರೂ ಹೇಳಿಕೊಡದೆ ಗೊತ್ತು. ಸಿಂಗಪುರದಲ್ಲಿ ತೈಪೂಸದ ಸರ್ಕಾರಿ ರಜೆ 1968ರಲ್ಲಿ ಹೋಯಿತು, 1973ರಲ್ಲಿ ಬೀದಿಯ ವಾದ್ಯಕ್ಕೆ ತಡೆ ಬಂತು. 2016ರಲ್ಲಿ ದಾರಿಯ ಮೂರು ಕಡೆ ವಾದ್ಯ ನುಡಿಸಲು ಬಿಟ್ಟರು. ವಾದ್ಯವಿಲ್ಲದ ಕಡೆ ‘ವೇಲ್ ವೇಲ್, ವೆಟ್ರಿವೇಲ್’ ಎಂಬ ಕೂಗೇ ತಾಳ. ಸದ್ದಿನ ತಕರಾರು ಅರ್ಥವಾಗುವಂಥದ್ದೇ, ಆದರೆ ತಾಳವಿಲ್ಲದೆ ಕಾವಡಿ ಹೊರುವುದೆಂದರೆ ಹಾಡಿಲ್ಲದೆ ನಾಟಿ ಮಾಡಿದಂತೆ.

ಬಾಟು ಕೇವ್ಸ್‌ನ ಕಷ್ಟ ಬೇರೆ. ಕೌಲಾಲಂಪುರದ ಮಹಾಮಾರಿಯಮ್ಮನ ಗುಡಿಯಿಂದ ಬೆಳ್ಳಿ ತೇರು ರಾತ್ರಿ ಹೊರಟು ಸುಮಾರು 15 ಕಿಲೋಮೀಟರ್ ಬರುತ್ತದೆ. ಕಾವಡಿಯವರು ಬಾಟು ಹೊಳೆಯ ಬಳಿ ಮಿಂದು, ಅಲ್ಲೇ ಅಲಗು ಹಾಕಿಸಿಕೊಂಡು, ದೂರ ನಡೆಯುವ ಬದಲು 272 ಮೆಟ್ಟಿಲು ಏರಬೇಕು. ಏರುವಾಗ ಮೈ ಮುಂದೆ ಬಾಗುತ್ತದೆ, ಕಮಾನು ಮುಂದಿನವನ ತಲೆಗೆ ತಾಗುತ್ತದೆ. ಒಬ್ಬರಿಗೊಬ್ಬರು ನಾಲ್ಕೈದು ಮೆಟ್ಟಿಲು ಬಿಟ್ಟು ನಡೆದರೆ ಕ್ಷೇಮ. ಚೆಲ್ಲಿದ ಹಾಲು ಮೆಟ್ಟಿಲನ್ನು ಜಾರುವಂತೆ ಮಾಡಿರುತ್ತದೆ. ಪೆನಾಂಗಿನ ಬೆಟ್ಟದ ಗುಡಿಗಂತೂ 513 ಮೆಟ್ಟಿಲು. ಅಲ್ಲಿ ತೇರಿನ ಮುಂದೆ ತೆಂಗಿನಕಾಯಿಯನ್ನು ರಾಶಿ ರಾಶಿ ಒಡೆಯುತ್ತಾರೆ, ಒಡೆಯುವವರಲ್ಲಿ ಚೀನೀಯರೂ ತುಂಬ ಮಂದಿ. 2017ರಿಂದ ಬೆಳ್ಳಿ ತೇರಿನ ಜೊತೆಗೆ ಚಿನ್ನದ ತೇರೂ ಬಂದು, ಯಾವ ತೇರಿಗೆ ಕಾಯಿ ಎಂಬ ರಾಜಕೀಯವೂ ಸೇರಿಕೊಂಡಿದೆ. ಹಿಂದೆ ಬರಿಗಾಲಲ್ಲಿ ಬರುವವರಿಗೆ ಇದ್ಯಾವುದರ ಪರಿವೆಯಿಲ್ಲ, ಅವರಿಗೆ ಚಿಪ್ಪಿನ ಚೂರೇ ಸಮಸ್ಯೆ. ಗುಡಿಸುವವರು ತೇರಿನ ಬೆನ್ನಿಗೇ ಬರುತ್ತಾರೆ. ಅವರು ಹಿಂದುಳಿದ ಕಡೆ ದಾರಿಯ ಅಂಚಿಗೆ ಸರಿದು ನಡೆಯುವುದು ಮೇಲು.

ದಾರಿಯುದ್ದಕ್ಕೂ ತಣ್ಣೀರ್ ಪಂದಲ್‌ಗಳಿರುತ್ತವೆ. ನಮ್ಮ ಅರವಟಿಗೆಯೇ. ನೀರು, ಮಜ್ಜಿಗೆ, ಅನ್ನ. ಹಗಲು ಹತ್ತರ ಮೇಲೆ ಡಾಂಬರು ಸುಡತೊಡಗಿದಾಗ ಪಾದಕ್ಕೆ ನೀರು ಸುರಿಯುವವರು ಅನ್ನ ಹಾಕುವವರಿಗಿಂತ ಹೆಚ್ಚು ಬೇಕಾದವರು. ನೆನೆದ ಪಾದದ ಚರ್ಮ ಮೆತ್ತಗಾಗಿ ಬೇಗ ಬೊಬ್ಬೆಯೇಳುತ್ತದೆ ಎಂಬುದೂ ನಿಜ. ವ್ರತದ ದಿನಗಳಲ್ಲೇ ಬೆಳಿಗ್ಗೆ ಬರಿಗಾಲಲ್ಲಿ ನಡೆದು ಅಂಗಾಲು ಗಟ್ಟಿ ಮಾಡಿಕೊಂಡವರಿಗೆ ಎರಡರ ಚಿಂತೆಯೂ ಕಡಿಮೆ.

ಗುಡಿ ಸೇರಿ ಹಾಲು ವೇಲಿಗೆ ಅಭಿಷೇಕವಾದ ಮೇಲೆ ಇಳಿಸುವ ಕೆಲಸ. ಅವಸರ ಮಾಡಿದರೆ ಕೆಡುವುದು ಇಲ್ಲಿ. ಮೊದಲು ಚೌಕಟ್ಟಿನ ಭಾರವನ್ನು ನಾಲ್ಕು ಕೈಗಳು ಎತ್ತಿ ಹಿಡಿಯಬೇಕು, ಆಮೇಲೆ ಸಲಾಕೆಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ತೆಗೆಯಬೇಕು. ಒಂದೇ ಪಕ್ಕ ಖಾಲಿ ಮಾಡಿದರೆ ಚೌಕಟ್ಟು ವಾಲಿ ಉಳಿದ ಮೊನೆಗಳು ಕೊರೆಯುತ್ತವೆ. ನಾಲಗೆಯದು ಕೊನೆಗೆ. ಹಾಕಿದ ಕಡೆಯಿಂದಲೇ ಹಿಂದಕ್ಕೆ ಎಳೆದು, ಬೆರಳಿನಿಂದ ವಿಭೂತಿ ಒತ್ತಿ ಹಿಡಿಯುತ್ತಾರೆ. ಸಣ್ಣ ಲೋಟದಲ್ಲಿ ನೀರು, ಗುಟುಕು ಗುಟುಕಾಗಿ. ವ್ರತ ಅಲ್ಲಿಗೇ ಮುಗಿಯುವುದಿಲ್ಲ. ಒಂದೆರಡು ದಿನ ಬಿಟ್ಟು ಮನೆಯಲ್ಲಿ ಇಡುಂಬನ್ ಪೂಜೆ ಮಾಡಿ, ಸ್ಟೂಲು ಹಿಡಿದವನು, ಸ್ಪ್ಯಾನರ್ ಇಟ್ಟುಕೊಂಡವನು, ನೀರು ಕೊಟ್ಟವನು ಎಲ್ಲರನ್ನೂ ಕರೆದು ಎಲೆ ಹಾಕಿ ಬಡಿಸುತ್ತಾರೆ. ಆ ಊಟದ ನಂತರ ಚೌಕಟ್ಟು ಬಿಚ್ಚಿ ಒರೆಸಿ, ನವಿಲುಗರಿಗೆ ಹುಳ ಬೀಳದಂತೆ ಕರ್ಪೂರ ಇಟ್ಟು ಬಟ್ಟೆಯಲ್ಲಿ ಸುತ್ತಿ, ನಟ್ಟು ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿಡುತ್ತಾರೆ. ಒಂದು ಕಡಿಮೆಯಿದ್ದರೆ ಅದನ್ನು ಆಗಲೇ ಬರೆದಿಟ್ಟುಕೊಳ್ಳಬೇಕು, ಮುಂದಿನ ವರ್ಷ ಹಬ್ಬದ ಹಿಂದಿನ ರಾತ್ರಿ ಆ ಅಳತೆಯದು ಎಲ್ಲೂ ಸಿಗುವುದಿಲ್ಲ.